ಉಣ್ಣೆ ಗೋದಾಮಿನೊಳಗೆ ಒಂದು ಸಾಲು ಮನೆ

(ಹಳೆಯ ಕಟ್ಟಡಗಳಲ್ಲಿ ಆಸಕ್ತಿ ಇರುವವರ ಮುಂದೆ ಬೆಂಗಳೂರಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಪರದೆಯ ಮೇಲಿನ ಈ ಚಿತ್ರವನ್ನು ನಿಮ್ಮಲ್ಲಿ ಬಹಳ ಜನ ಈಗಾಗಲೇ ನೋಡಿರುತ್ತೀರಿ. ಕ್ಯಾಲೆಂಡರಿನಲ್ಲಿ, ಬಿಸ್ಕತ್ತಿನ ಡಬ್ಬದ ಮೇಲೆ, ಇಲ್ಲವೇ ಯಾರದೋ ಪ್ರವಾಸದ ಫೋಟೊಗಳಲ್ಲಿ. ಜೇನಿನ ಬಣ್ಣದ ಕಲ್ಲಿನ ಪುಟ್ಟ ಮನೆಗಳ ಸಾಲು, ಕಡಿದಾದ ಮಾಡು, ಮುಂದೆ ಸಣ್ಣ ತೋಡು. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಸೀಮೆಯ ಬೈಬರಿ ಎಂಬ ಹಳ್ಳಿ ಇದು. ಸಾಲಿಗೆ ಆರ್ಲಿಂಗ್ಟನ್ ರೋ ಎಂದು ಹೆಸರು. ಹೆಸರು ಗೊತ್ತಿಲ್ಲದಿದ್ದರೂ ಮುಖಪರಿಚಯ ಇದ್ದೇ ಇರುತ್ತದೆ.

ಇದರ ಚೆಂದದ ಬಗ್ಗೆ ಮಾತಾಡಲು ನಾನು ಬಂದಿಲ್ಲ. ಅದನ್ನು ಕ್ಯಾಲೆಂಡರಿನವರು ನೋಡಿಕೊಳ್ಳುತ್ತಾರೆ. ನೀವು ಒಂದು ಕೆಲಸ ಮಾಡಿ. ಬಾಗಿಲು ಬಿಡಿ, ಹೂವಿನ ಗಿಡ ಬಿಡಿ. ಮಾಡಿನ ಮೇಲೆ ಎದ್ದು ನಿಂತಿರುವ ಚಿಮಣಿಗಳನ್ನು ಮಾತ್ರ ನೋಡಿ.

ಈ ಕಟ್ಟಡ ಎದ್ದದ್ದು 1380ರ ಸುಮಾರಿಗೆ. ಆಗ ಇದಕ್ಕೆ ಚಿಮಣಿಯ ಅಗತ್ಯವೇ ಇರಲಿಲ್ಲ. ಯಾಕೆಂದರೆ ಇದು ಮಠದವರು ಉಣ್ಣೆ ಕೂಡಿಡಲು ಕಟ್ಟಿಸಿದ ಉದ್ದನೆಯ ಗೋದಾಮು. ಉಣ್ಣೆಯ ರಾಶಿಯ ಪಕ್ಕ ಬೆಂಕಿ ಹಾಕುವ ಬುದ್ಧಿವಂತ ಯಾರಿದ್ದಾನೆ? ಹತ್ತಿರಹತ್ತಿರ ಮುನ್ನೂರು ವರ್ಷ ಕಳೆದ ಮೇಲೆ, 17ನೇ ಶತಮಾನದಲ್ಲಿ, ಇದನ್ನು ಅಡ್ಡಡ್ಡ ಭಾಗ ಮಾಡಿ ನೇಕಾರರ ಮನೆಗಳನ್ನಾಗಿ ಮಾಡಿದರು. ಚಿಮಣಿ ಬಂದದ್ದು ಆಗ. ಅಂದರೆ ನಿಮಗೆ ಕಾಣುತ್ತಿರುವ ಗೋಡೆ ಮತ್ತು ಮಾಡು ಒಂದು ಕತೆ ಹೇಳುತ್ತವೆ, ಚಿಮಣಿ ಇನ್ನೊಂದು ಕತೆ ಹೇಳುತ್ತದೆ.

ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಪಾಲಾದರೆ ಊರವರು ಮೊದಲು ಏನು ಕೇಳುತ್ತಾರೆ? "ಒಲೆ ಬೇರೆ ಆಯ್ತಾ?" ಅಂತ. ನಡುವೆ ಗೋಡೆ ಎದ್ದಿದೆಯೋ ಇಲ್ಲವೋ ಅದು ಆಮೇಲಿನ ಮಾತು. ಒಂದೇ ಹಜಾರದಲ್ಲಿ ಎರಡು ಒಲೆ ಹೊತ್ತಿದರೆ ಎರಡು ಮನೆ. ದೊಡ್ಡ ಕಲ್ಲಿನ ಕಟ್ಟಡ ಸಣ್ಣ ಮನೆಗಳಾಗಿ ಒಡೆದ ಬಗೆಯನ್ನು ಓದಬೇಕಾದರೆ ಇದೇ ಲೆಕ್ಕ ಹಿಡಿಯಬೇಕು. ಬೆಂಕಿ ಎಲ್ಲಿತ್ತು ಎಂದು ಮೊದಲು ಹುಡುಕಿ. ಗೋಡೆ, ಮೆಟ್ಟಿಲು, ಕಿಟಕಿ ಎಲ್ಲವೂ ಅದರ ಸುತ್ತಲೇ ಬಂದಿರುತ್ತವೆ.

ಅಲ್ಲಿನ ಸರ್ಕಾರಕ್ಕೂ ಈ ಲೆಕ್ಕ ಗೊತ್ತಿತ್ತು. ಎರಡನೇ ಚಾರ್ಲ್ಸ್ ರಾಜನ ಕಾಲದಲ್ಲಿ, 1662ರಲ್ಲಿ, ಒಲೆ ತೆರಿಗೆ ತಂದರು. ಒಂದು ಒಲೆಗೆ ವರ್ಷಕ್ಕೆ 2 ಶಿಲಿಂಗ್, ಎರಡು ಕಂತು. ತೀರಾ ಬಡವರಿಗೆ ವಿನಾಯಿತಿ. ಒಲೆ ಎಣಿಸಲು ಅಧಿಕಾರಿಗಳು ಅಡುಗೆಮನೆಗೇ ನುಗ್ಗುತ್ತಿದ್ದರು. ಜನ ಶಾಪ ಹಾಕಿದರು. 1689ರಲ್ಲಿ ತೆರಿಗೆ ಎದ್ದುಹೋಯಿತು. ಆದರೆ ಆ ಪಟ್ಟಿಗಳು ಉಳಿದವು. ಯಾವ ಊರಲ್ಲಿ ಯಾರ ಮನೆಗೆ ಎಷ್ಟು ಒಲೆ ಇತ್ತು ಅನ್ನುವುದು ಇವತ್ತು ಕಟ್ಟಡಗಳ ಇತಿಹಾಸ ಬರೆಯುವವರಿಗೆ ಬಂಗಾರ. ಜನರನ್ನು ಹಿಂಸಿಸಿದ ತೆರಿಗೆಗಳೇ ಚರಿತ್ರೆಗೆ ಜಾಸ್ತಿ ಉಪಕಾರ ಮಾಡುತ್ತವೆ, ಏನು ಮಾಡುವುದು.

ಈಗ ಉಣ್ಣೆಗೆ ಬರೋಣ. ಉಣ್ಣೆ ಗೊತ್ತಾಗದೆ ಈ ಕಟ್ಟಡ ಅರ್ಥವಾಗುವುದಿಲ್ಲ.

ಮಧ್ಯಯುಗದ ಇಂಗ್ಲೆಂಡಿನ ದುಡ್ಡೆಲ್ಲ ಕುರಿಯ ಬೆನ್ನ ಮೇಲಿತ್ತು. ಅವರ ಸಂಸತ್ತಿನ ಮೇಲ್ಮನೆಯಲ್ಲಿ ಸಭಾಧ್ಯಕ್ಷರು ಕೂರುವುದು ಇವತ್ತಿಗೂ ಉಣ್ಣೆ ತುಂಬಿದ ಒಂದು ದೊಡ್ಡ ಕೆಂಪು ದಿಂಬಿನ ಮೇಲೆ. ಬೈಬರಿ ಇರುವ ಕಾಟ್ಸ್‌ವೋಲ್ಡ್ ಗುಡ್ಡಗಾಡು ಉಣ್ಣೆಯ ಸೀಮೆ. ಅಲ್ಲಿಂದ ಉತ್ತರಕ್ಕೆ ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಪೇಟೆ ಇದೆ. ಅಲ್ಲಿ ವಿಲಿಯಂ ಗ್ರೆವೆಲ್ ಎಂಬ ಉಣ್ಣೆ ವರ್ತಕ ಸರಿಸುಮಾರು ಇದೇ ಕಾಲದಲ್ಲಿ ಕಟ್ಟಿಸಿದ ಕಲ್ಲಿನ ಮನೆ ಈಗಲೂ ನಿಂತಿದೆ. ಅವನು ತೀರಿಕೊಂಡದ್ದು 1401ರಲ್ಲಿ. ಇಂಗ್ಲೆಂಡಿನ ಉಣ್ಣೆ ವರ್ತಕರಲ್ಲೆಲ್ಲ ಹೂವಿನಂಥವನು ಎಂದು ಅವನ ಸಮಾಧಿಯ ಹಿತ್ತಾಳೆ ಫಲಕದಲ್ಲಿ ಕೆತ್ತಿಸಿದ್ದಾರೆ. ವರ್ತಕನಿಗೆ ಅಂಥ ಮನೆ, ಸರಕಿಗೆ ಇಂಥ ಗೋದಾಮು. ಎರಡೂ ಒಂದೇ ಬಗೆಯ ಕಲ್ಲು.

ಆಮೇಲೆ ಎರಡು ಬದಲಾವಣೆ ಆದವು. ಬರೀ ಉಣ್ಣೆ ಮಾರುವುದಕ್ಕಿಂತ ಬಟ್ಟೆ ನೇಯ್ದು ಮಾರಿದರೆ ಲಾಭ ಹೆಚ್ಚು ಎಂದು ಗೊತ್ತಾಯಿತು. ಇನ್ನೊಂದು, 1536ರಿಂದ 1540ರ ನಡುವೆ ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿ ಕಿತ್ತುಕೊಂಡ. ಗೋದಾಮಿಗೆ ಮಠವೂ ಇಲ್ಲ, ಹಳೆಯ ಕೆಲಸವೂ ಇಲ್ಲ. ಅತ್ತ ನೇಕಾರರಿಗೆ ಮನೆ ಬೇಕು. ಬಟ್ಟೆ ವ್ಯಾಪಾರಿ ನೂಲು ಕೊಡುತ್ತಿದ್ದ, ನೇಕಾರ ಮನೆಯಲ್ಲೇ ನೇಯ್ದು ಕೊಡುತ್ತಿದ್ದ. ಕಾರ್ಖಾನೆ ಎಂಬುದು ಇನ್ನೂ ಹುಟ್ಟಿರಲಿಲ್ಲ.

ನೇಯ್ದ ಬಟ್ಟೆಗೆ ಮುಂದೆ ದೊಡ್ಡ ಸಂಸ್ಕಾರ ಇದೆ. ಜಿಡ್ಡು ತೆಗೆಯಬೇಕು, ನೀರಿನಲ್ಲಿ ಕುಟ್ಟಿ ದಪ್ಪ ಮಾಡಬೇಕು. ಆ ಕೆಲಸ ಹತ್ತಿರದ ಆರ್ಲಿಂಗ್ಟನ್ ಗಿರಣಿಯಲ್ಲಿ ಆಗುತ್ತಿತ್ತು. ಕುಟ್ಟಿದ ಉಣ್ಣೆ ಬಟ್ಟೆ ಚೆನ್ನಾಗಿ ಕುಗ್ಗುತ್ತದೆ. ಅದನ್ನು ಮರದ ಚೌಕಟ್ಟುಗಳಿಗೆ ಕೊಕ್ಕೆ ಹಾಕಿ ಎಳೆದು ಕಟ್ಟಿ ಒಣಗಿಸಬೇಕು. ಮನೆಗಳ ಎದುರು ಮೂರು ಕಡೆ ನೀರು ಸುತ್ತಿದ ಈ ಹುಲ್ಲುಗಾವಲು ಕಾಣುತ್ತಿದೆಯಲ್ಲ, ಬಟ್ಟೆ ಒಣಗುತ್ತಿದ್ದದ್ದು ಇಲ್ಲೇ. ಆ ಚೌಕಟ್ಟುಗಳಿಂದಲೇ ಇದಕ್ಕೆ ರ‍್ಯಾಕ್ ಐಲ್ ಎಂದು ಹೆಸರು. ಈಗ ಬಾತುಕೋಳಿಗಳ ರಾಜ್ಯ. ಫೋಟೊ ತೆಗೆಯುವವರಿಗೆ ಮುಂದೆ ಇಷ್ಟು ಖಾಲಿ ಜಾಗ ಸಿಕ್ಕಿದ್ದು ಹಾಗೆ. ಅದು ತೋಟವಲ್ಲ, ಕೆಲಸದ ಅಂಗಳ.

ಇನ್ನು ಒಡೆದದ್ದು ಹೇಗೆ ಎಂದು ನೋಡೋಣ. ನನಗೆ ಇಲ್ಲಿ ಜಾಸ್ತಿ ಹೊತ್ತು ನಿಲ್ಲುವ ಆಸೆ.

ಉದ್ದವಾಗಿ, ಒಂದೇ ಕೋಣೆಯ ಅಗಲಕ್ಕೆ ಕಟ್ಟಿದ ಕಟ್ಟಡ ಇದು. ಅಗಲ ಯಾಕೆ ಕಮ್ಮಿ ಅಂದರೆ ತೊಲೆಗೆ ಸಿಗುವ ಓಕ್ ಮರದ ಉದ್ದಕ್ಕೆ ಮಿತಿ ಇದೆ. ಮೇಲೆ ಹೊರೆ ಬೇರೆ ವಿಪರೀತ, ಅದಕ್ಕೆ ಆಮೇಲೆ ಬರುತ್ತೇನೆ. ಇಂಥ ಕಟ್ಟಡವನ್ನು ಅಡ್ಡ ಕತ್ತರಿಸಿದರೆ ಪ್ರತಿ ತುಂಡಿಗೂ ಮುಂದೆ ಗಾಳಿಬೆಳಕು ಸಿಗುತ್ತದೆ, ಹಿಂದೆಯೂ ಸಿಗುತ್ತದೆ. ಯಾರೂ ಯಾರ ಕೋಣೆ ದಾಟಿ ಹೋಗಬೇಕಾಗಿಲ್ಲ. ಚೌಕನೆಯ ದೊಡ್ಡ ಬಂಗಲೆಯನ್ನು ಹೀಗೆ ಭಾಗ ಮಾಡಿ ನೋಡಿ, ಮಧ್ಯದ ಮನೆಯವರಿಗೆ ಹಗಲಲ್ಲೂ ದೀಪ ಬೇಕಾಗುತ್ತದೆ.

ಮೊದಲು ಬಂದದ್ದು ಒಲೆ. ಇಂಗ್ಲಿಷ್ ಹಳ್ಳಿಮನೆಯ ಒಲೆ ಎಂದರೆ ಮೂಲೆಯಲ್ಲಿ ಮೂರು ಕಲ್ಲು ಅಲ್ಲ. ಒಬ್ಬ ಮನುಷ್ಯ ಒಳಗೆ ಹೋಗಿ ಕೂರುವಷ್ಟು ದೊಡ್ಡ ಗೂಡು. ಮೇಲೆ ಅಡ್ಡಲಾಗಿ ಒಂದು ದಪ್ಪ ಓಕ್ ತೊಲೆಯೋ ಕಲ್ಲಿನ ತೊಲೆಯೋ ಇರುತ್ತದೆ. ಒಂದು ಬದಿಯಲ್ಲಿ ಬ್ರೆಡ್ ಸುಡುವ ಗುಂಡನೆಯ ಗೂಡು. ಅದರ ಮೇಲಿಂದ ಕಲ್ಲಿನ ಚಿಮಣಿ ಅಟ್ಟ ದಾಟಿ, ಮಾಡು ದಾಟಿ ಆಕಾಶಕ್ಕೆ. ಟನ್‌ಗಟ್ಟಲೆ ಕಲ್ಲು ಅದು. ಹಳೆಯ ಮಾಡನ್ನು ಕತ್ತರಿಸಿ ತೂರಿಸಬೇಕು. ಎರಡು ಮನೆಯ ನಡುವಿನ ಗೋಡೆಗೆ ಬೆನ್ನಿಗೆ ಬೆನ್ನು ಕೊಟ್ಟು ಎರಡು ಒಲೆ ಇಟ್ಟರೆ ಒಂದೇ ಚಿಮಣಿ ಕಾಂಡ ಸಾಕು, ಕಲ್ಲೂ ಉಳಿಯುತ್ತದೆ, ಬಿಸಿಯೂ ಉಳಿಯುತ್ತದೆ. ಹಾಗಾಗಿ ಇಂಥ ಸಾಲುಗಳಲ್ಲಿ ನಡುಗೋಡೆ ಎಲ್ಲಿದೆ ಎಂದು ಹೊರಗಿನಿಂದಲೇ ಊಹಿಸಬಹುದು. ದಪ್ಪ ಚಿಮಣಿ ಕಂಡರೆ ಅದರ ಕೆಳಗೆ ಬಹುಶಃ ಎರಡು ಮನೆಯ ಬೆನ್ನು.

ಮನೆ ಅಂದಮೇಲೆ ಮಹಡಿ ಬೇಕು, ಮಹಡಿಗೆ ಮೆಟ್ಟಿಲು ಬೇಕು. ಇರುವ ಒಂದೇ ಕೋಣೆಯಲ್ಲಿ ಮೆಟ್ಟಿಲಿಗೆ ಜಾಗ ಎಲ್ಲಿ? ಒಲೆಯ ಗೂಡು ಗೋಡೆಯಿಂದ ಮುಂದೆ ಬಂದಿರುತ್ತದಲ್ಲ, ಅದರ ಪಕ್ಕ ಒಂದು ಖಾಲಿ ಮೂಲೆ ಹುಟ್ಟುತ್ತದೆ. ಮೆಟ್ಟಿಲನ್ನು ಅಲ್ಲಿ ಸುರುಳಿಯಾಗಿ ತಿರುಗಿಸಿ ಮೇಲೆ ಹತ್ತಿಸಿದರು. ಕಾಟ್ಸ್‌ವೋಲ್ಡ್ ಸೀಮೆಯ ಹಳೆ ಮನೆಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೀರಿ. ಬೀರುವಿನ ಬಾಗಿಲು ಅಂದುಕೊಂಡು ತೆಗೆದರೆ ಒಳಗೆ ಕತ್ತಲೆಯ ಮೆಟ್ಟಿಲು. ಮಂಚ ಹತ್ತಿಸುವುದು ಆಗದ ಮಾತು. ಅದಕ್ಕಿಂತ ಕಷ್ಟ ಬೇರೆ ಇತ್ತು. ಮೇಲೆ ಸತ್ತವರನ್ನು ಕೆಳಗಿಳಿಸುವುದು ಹೇಗೆ? ಇಂಗ್ಲೆಂಡಿನ ಕೆಲವು ಹಳೆ ಮನೆಗಳಲ್ಲಿ ಅದಕ್ಕೆಂದೇ ಮಹಡಿಯ ನೆಲದಲ್ಲಿ ಎತ್ತಿ ಇಡುವ ಹಲಗೆಗಳಿವೆ. ಶವಪೆಟ್ಟಿಗೆಯನ್ನು ಹಗ್ಗ ಕಟ್ಟಿ ಅಲ್ಲಿಂದ ಇಳಿಸುತ್ತಿದ್ದರು. ಇದು ನಮ್ಮ ವಿಷಯಕ್ಕೆ ಅಷ್ಟು ಸಂಬಂಧ ಇಲ್ಲ, ಆದರೆ ಒಂದು ಸಲ ಕೇಳಿದರೆ ಮರೆಯುವುದಿಲ್ಲ.

ಮಹಡಿಗೆ ಬೆಳಕು ಬೇಕು. ಗೋದಾಮಿನ ಗೋಡೆ ತಗ್ಗು, ಮಾಡು ಎತ್ತರ. ಹಾಗಾದರೆ ಮಹಡಿ ಎಂದರೆ ಮುಕ್ಕಾಲು ಪಾಲು ಮಾಡಿನೊಳಗೇ. ಆದ್ದರಿಂದ ಮಾಡನ್ನು ಅಲ್ಲಲ್ಲಿ ಸೀಳಿ ಮುಂದಕ್ಕೆ ಕಿಟಕಿ ತಂದರು. ಇದೇ ಡಾರ್ಮರ್ ಕಿಟಕಿ. ಪ್ರತಿಯೊಂದಕ್ಕೂ ಅದರದೇ ಪುಟ್ಟ ತ್ರಿಕೋನದ ಟೊಪ್ಪಿಗೆ. ಚಿತ್ರದಲ್ಲಿ ನೋಡಿ, ಒಂದು ಇದ್ದಹಾಗೆ ಇನ್ನೊಂದಿಲ್ಲ. ಎತ್ತರ ಬೇರೆ, ಅಗಲ ಬೇರೆ, ನಡುವಿನ ಅಂತರ ಬೇರೆ. ಜನ ಇದನ್ನೇ ಮುದ್ದು ಎನ್ನುತ್ತಾರೆ. ಒಳಗಿನ ಒಲೆ, ಮೆಟ್ಟಿಲು, ಹಳೆಯ ಮಾಡಿನ ತೊಲೆ ಎಲ್ಲಿ ಜಾಗ ಬಿಟ್ಟವೋ ಅಲ್ಲಿ ಕಿಟಕಿ ಬಂತು, ಅಷ್ಟೇ. ಹೊರಗಿನಿಂದ ಗೆರೆ ಎಳೆದು ಮಾಡಿದ ನಕ್ಷೆ ಅಲ್ಲ ಅದು, ಒಳಗಿನಿಂದ ಹೊರಬಿದ್ದದ್ದು. ಹೊಸ ಬಡಾವಣೆಗಳಲ್ಲಿ ಈ ಓರೆಕೋರೆಯನ್ನು ಬೇಕೆಂತಲೇ ನಕಲು ಮಾಡಿದಾಗ ಸುಳ್ಳು ಅನ್ನಿಸುವುದು ಇದೇ ಕಾರಣಕ್ಕೆ.

ಮುಚ್ಚಿದ ಕಿಟಕಿಗಳ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಅಲ್ಲಿ ಯಾವ ಗೈಡ್ ಆದರೂ ಕಲ್ಲು ತುಂಬಿ ಮುಚ್ಚಿದ ಕಿಟಕಿ ಕಂಡ ಕೂಡಲೇ "ಕಿಟಕಿ ತೆರಿಗೆ" ಎನ್ನುತ್ತಾರೆ. ಅಂಥ ತೆರಿಗೆ ಇದ್ದದ್ದು ನಿಜ, 1696ರಿಂದ 1851ರವರೆಗೆ. ತೆರಿಗೆ ತಪ್ಪಿಸಲು ಕಿಟಕಿ ಮುಚ್ಚಿದವರೂ ಇದ್ದರು. ಆದರೆ ಒಡೆದ ಮನೆಗಳಲ್ಲಿ ಮುಚ್ಚಿದ ಕಿಟಕಿ ಕಂಡರೆ ಮೊದಲು ಒಳಗೆ ಹೋಗಿ ನೋಡಿ. ಅದರ ಹಿಂದೆ ಚಿಮಣಿಯೋ ಮೆಟ್ಟಿಲೋ ನಿಂತಿರುವ ಸಾಧ್ಯತೆ ಬಹಳ.

ಬಾಗಿಲಿನ ವಿಷಯ ಸುಲಭ. ಕಲ್ಲಿನ ಗೋಡೆ ಕಟ್ಟುವಾಗ ಒಂದು ವರಸೆಯ ಕಲ್ಲು ಇನ್ನೊಂದನ್ನು ಕಚ್ಚಬೇಕು ತಾನೆ? ಎಲ್ಲೋ ಒಂದು ಕಡೆ ಕಚ್ಚದೆ ಮೇಲಿಂದ ಕೆಳಗೆ ನೇರ ಸಂದಿ ಕಂಡರೆ ಅಲ್ಲಿ ಏನೋ ನಡೆದಿದೆ. ಬಾಗಿಲು ಮುಚ್ಚಿರಬಹುದು, ಹೊಸ ಭಾಗ ಸೇರಿಸಿರಬಹುದು. ಇದನ್ನು ನಮ್ಮ ಯಾವ ಹಳೆ ಮೇಸ್ತ್ರಿಯೂ ನಿಮಗೆ ಹೇಳಬಲ್ಲ.

ಅಟ್ಟಕ್ಕೆ ಹತ್ತಿದರೆ ಮಾತ್ರ ಪೂರ್ತಿ ಸತ್ಯ ಸಿಗುತ್ತದೆ. ಕೆಳಗೆ ಹೊಸ ಗೋಡೆ, ಹೊಸ ಬಾಗಿಲು ಎಲ್ಲ ಬಂದಿರುತ್ತದೆ. ಮೇಲೆ ಮಾಡಿನ ಮರಮುಟ್ಟನ್ನು ಬದಲಿಸುವುದು ದುಬಾರಿ, ಸುಮ್ನೆ ಬಿಟ್ಟಿರುತ್ತಾರೆ. ತೊಲೆಗಳು ತಮ್ಮ ಹಳೆಯ ಲೆಕ್ಕದಲ್ಲೇ ಸಮ ಅಂತರದಲ್ಲಿ ಸಾಗುತ್ತವೆ, ಕೆಳಗಿನ ನಡುಗೋಡೆಗಳಿಗೂ ಅವಕ್ಕೂ ತಾಳ ಕೂಡುವುದಿಲ್ಲ. ತಾಳ ತಪ್ಪಿದ ಕಡೆ ತಿಳಿದುಕೊಳ್ಳಿ, ಮಾಡು ಮೊದಲು, ಗೋಡೆ ಆಮೇಲೆ. ಇಂಥ ಎಷ್ಟೋ ಸಾಲುಗಳಲ್ಲಿ ನಡುಗೋಡೆ ಅಟ್ಟದವರೆಗೆ ಏರಿಯೇ ಇರಲಿಲ್ಲ. ಒಂದು ತುದಿಯ ಮನೆಯ ಅಟ್ಟ ಹತ್ತಿದರೆ ಇನ್ನೊಂದು ತುದಿಯವರೆಗೂ ತೆವಳಬಹುದಿತ್ತು. ಬೆಂಕಿಯ ಭಯಕ್ಕೆ ಆಮೇಲೆ ಮುಚ್ಚಿದರು.

ಹೊರೆಯ ಮಾತು ಬಾಕಿ ಇತ್ತು. ಈ ಮಾಡಿಗೆ ಹೊದಿಸಿರುವುದು ಹೆಂಚಲ್ಲ, ಕಲ್ಲು. ಸುಣ್ಣಕಲ್ಲಿನ ತೆಳು ಹಲಗೆಗಳು. ನಮ್ಮ ಲೆಕ್ಕದಲ್ಲಿ ಒಂದು ಚದರ, ಅಂದರೆ 100 ಚದರಡಿ ಮಾಡಿಗೆ, ಮುಕ್ಕಾಲು ಟನ್‌ನಿಂದ ಒಂದು ಟನ್‌ವರೆಗೆ ತೂಕ.

ಈ ಹಲಗೆ ಮಾಡುವ ಬಗೆ ಸೊಗಸಾಗಿದೆ. ಆಕ್ಸ್‌ಫರ್ಡ್‌ಶೈರ್‌ನ ಸ್ಟೋನ್ಸ್‌ಫೀಲ್ಡ್ ಇದಕ್ಕೆ ಹೆಸರಾದ ಊರು. ಚಳಿಗಾಲಕ್ಕೆ ಮುಂಚೆ ನೆಲದಡಿಯಿಂದ ಕಲ್ಲಿನ ಗಟ್ಟಿಗಳನ್ನು ತೆಗೆದು ಹೊಲದಲ್ಲಿ ಹರಡುತ್ತಿದ್ದರು. ಕಲ್ಲಿನಲ್ಲಿ ನೆಲದ ತೇವ ಇರಬೇಕು, ಒಣಗಿದರೆ ಕೆಟ್ಟಿತು. ನೀರು ಹಾಕುತ್ತಲೇ ಇರಬೇಕು. ಹಿಮ ಬೀಳುವ ರಾತ್ರಿ ಕಲ್ಲಿನ ಪದರಗಳೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ. ಕಲ್ಲು ತಾನಾಗಿ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಅಂಥ ರಾತ್ರಿ ಬಂತೆಂದರೆ ಚರ್ಚಿನ ಗಂಟೆ ಬಾರಿಸಿ ಊರವರನ್ನು ಎಬ್ಬಿಸುತ್ತಿದ್ದರು, ಕಲ್ಲಿಗೆ ನೀರು ಹೊಯ್ಯಲು. ಚಳಿ ಕಮ್ಮಿ ಬಿದ್ದ ವರ್ಷ ಮಾಡಿನ ಕಲ್ಲಿಗೆ ಬರ. 20ನೇ ಶತಮಾನದ ಆರಂಭದಲ್ಲಿ ಈ ಕಸುಬು ಅಲ್ಲಿ ನಿಂತುಹೋಯಿತು.

ಒಂದೊಂದು ಹಲಗೆಗೂ ತೂತು ಕೊರೆದು, ಓಕ್ ಮರದ ಗೂಟ ಹಾಕಿ, ರೀಪಿಗೆ ತಗುಲಿಸುತ್ತಾರೆ. ಒಳಗಿನಿಂದ ಸುಣ್ಣದ ಗಾರೆಗೆ ದನದ ಕೂದಲು ಸೇರಿಸಿ ಮೆತ್ತುತ್ತಾರೆ. ದೊಡ್ಡ ಹಲಗೆ ಸೂರಿನ ಬದಿಗೆ, ಮೇಲೆ ಹೋದಂತೆ ಚಿಕ್ಕದು, ನೆತ್ತಿಯಲ್ಲಿ ಅಂಗೈಯಗಲ. ಇದಕ್ಕೆ ಕಾರಣ ಅಂದ ಅಲ್ಲ. ಗಣಿಯಿಂದ ಬಂದ ಕಲ್ಲಿನಲ್ಲಿ ಎಲ್ಲ ಅಳತೆಯೂ ಇರುತ್ತದೆ, ಯಾವುದನ್ನೂ ಎಸೆಯುವ ಹಾಗಿಲ್ಲ. ಭಾರದ್ದನ್ನು ಗೋಡೆಯ ಹತ್ತಿರ ಇಟ್ಟರೆ ಪಕಾಸಿಗಳಿಗೂ ನೆಮ್ಮದಿ. ಒಂದೊಂದು ಅಳತೆಗೂ ಕೆಲಸದವರು ಒಂದೊಂದು ಹೆಸರಿಟ್ಟಿದ್ದರು. ಬ್ಯಾಚುಲರ್, ವಿವೆಟ್, ಮೂವ್‌ಡೇ, ಫೇರ್‌ವೆಲ್, ಹೀಗೆ. ಕಲ್ಲು ಒರಟು, ನೀರನ್ನು ಸ್ವಲ್ಪ ಹೀರುತ್ತದೆ, ಸಂದಿ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ನೀರು ನಿಲ್ಲದಂತೆ ಮಾಡನ್ನು 50 ಡಿಗ್ರಿಯ ಆಸುಪಾಸಿಗೆ ಎತ್ತಬೇಕು. ನಮ್ಮ ಮಂಗಳೂರು ಹೆಂಚಿನ ಮಾಡಿಗಿಂತ ಎಷ್ಟೋ ಕಡಿದು. ಅಷ್ಟು ಎತ್ತಿದ್ದರಿಂದಲೇ ಒಳಗೆ ಒಂದು ಮಹಡಿಯಷ್ಟು ಜಾಗ ಬಿಟ್ಟಿಯಾಗಿ ಸಿಕ್ಕಿತು. ನೇಕಾರರ ಸಂಸಾರ ಮಲಗಿದ್ದು ಆ ಜಾಗದಲ್ಲಿ. ಕಲ್ಲಿನ ಗುಣ ಮಾಡಿನ ಇಳಿಜಾರನ್ನು ಹೇಳಿತು, ಇಳಿಜಾರು ಮನೆಯನ್ನು ಮಾಡಿತು.

ಗೋಡೆಯ ಕಲ್ಲೂ ಸುಣ್ಣಕಲ್ಲೇ. ಸುಮಾರು 16–17 ಕೋಟಿ ವರ್ಷದ ಹಿಂದೆ ಬೆಚ್ಚನೆಯ ಆಳವಿಲ್ಲದ ಕಡಲಿನಲ್ಲಿ ಕೂಡಿದ್ದು. ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡಿದರೆ ಗಸಗಸೆ ಒತ್ತಿ ಅಂಟಿಸಿದ ಹಾಗೆ ಸಣ್ಣ ಗುಂಡುಗಳು. ಉತ್ತರದ ಕಡೆ ಕಬ್ಬಿಣದ ಅಂಶ ಹೆಚ್ಚು, ಬಣ್ಣ ಜೇನು. ದಕ್ಷಿಣಕ್ಕೆ ಬಂದಂತೆ ತಿಳಿ. ಗಣಿಯಿಂದ ತೆಗೆದ ಹೊಸದರಲ್ಲಿ ಮೆದು, ಗರಗಸದಲ್ಲಿ ಕೊಯ್ಯಬಹುದು. ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಬೆಂಗಳೂರಿನ ಕಗ್ಗಲ್ಲಿನ ಜೊತೆ ಬೆಳೆದ ನಮಗೆ ಇದು ವಿಚಿತ್ರ. ನಮ್ಮ ಕಲ್ಲು ಉಳಿಗೆ ಜಗ್ಗುವುದಿಲ್ಲ, ಅದಕ್ಕೇ ಬೆಂಕಿ ಹಾಕಿ ಎಬ್ಬಿಸಿ ಚಪ್ಪಡಿ ತೆಗೆದರು. ಅವರ ಕಲ್ಲು ಜಗ್ಗುತ್ತದೆ, ಅದಕ್ಕೇ ಬಡವರ ಮನೆಯ ಕಿಟಕಿಗೂ ಕೆತ್ತಿದ ಕಲ್ಲಿನ ನಡುಗಂಬ ಇಡುವುದು ಸಾಧ್ಯವಾಯಿತು.

ಗೋಡೆ ಒಂದೂವರೆಯಿಂದ ಎರಡು ಅಡಿ ದಪ್ಪ. ಒಳಗೊಂದು ಮುಖ, ಹೊರಗೊಂದು ಮುಖ, ನಡುವೆ ಚೂರುಪಾರು ಕಲ್ಲು ಮತ್ತು ಗಾರೆ. ಅಲ್ಲಲ್ಲಿ ಎರಡೂ ಮುಖ ಹಿಡಿಯುವ ಉದ್ದನೆಯ ಕಲ್ಲು. ಕೆತ್ತಿದ ಕಲ್ಲು ಬಳಸುವುದು ಮೂಲೆಗೆ, ಬಾಗಿಲು ಕಿಟಕಿಗೆ ಮಾತ್ರ. ಉಳಿದದ್ದು ಕಾಡುಗಲ್ಲು. ಕಿಟಕಿಯ ಮೇಲೆ ಹುಬ್ಬಿನ ಹಾಗೆ ಒಂದು ಕಲ್ಲಿನ ಪಟ್ಟಿ ಚಾಚಿರುತ್ತದೆ. ಗೋಡೆ ಮೇಲೆ ಇಳಿದುಬರುವ ಮಳೆನೀರು ಕಿಟಕಿಗೆ ಬರದೆ ಪಕ್ಕಕ್ಕೆ ಸರಿಯಲಿ ಅಂತ. ಸಜ್ಜಾ ಹಾಕಲು ಜಾಗ ಇಲ್ಲದವರ ಉಪಾಯ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಈ ಕಟ್ಟಡ ಉಳಿದದ್ದು ಯಾಕೆ?

ಒಡೆದದ್ದರಿಂದ ಉಳಿಯಿತು ಎನ್ನುವುದು ನನ್ನ ಅಭಿಪ್ರಾಯ. ಖಾಲಿ ಗೋದಾಮಿಗೆ ಯಾರು ಮಾಡು ಹೊದಿಸುತ್ತಾರೆ? ಮುಚ್ಚಿದ ಮಠಗಳ ಕಟ್ಟಡಗಳೆಷ್ಟೋ ಊರವರ ಕಲ್ಲಿನ ಗಣಿಯಾದವು. ಇದರಲ್ಲಿ ಸಂಸಾರಗಳಿದ್ದವು. ಎಲ್ಲಿ ಸೋರಿತೋ ಅಲ್ಲಿ ಯಾರೋ ಒಬ್ಬರು ಕಲ್ಲು ಸರಿಸಿದರು. ಒಲೆ ಉರಿಯುತ್ತಿದ್ದರೆ ಗೋಡೆ ಒಣಗಿರುತ್ತದೆ. ಇನ್ನೊಂದು ಕಡೆ, ಅವರಲ್ಲಿ ಕೆಡವಿ ಹೊಸದು ಕಟ್ಟುವಷ್ಟು ದುಡ್ಡು ಯಾವತ್ತೂ ಇರಲಿಲ್ಲ. ನೇಯ್ಗೆ ಮೊದಲು ಸ್ಟ್ರೌಡ್ ಕಣಿವೆಯ ಗಿರಣಿಗಳಿಗೆ, ಆಮೇಲೆ ಯಾರ್ಕ್‌ಷೈರ್‌ಗೆ ಹೋಯಿತು. ಕಾಟ್ಸ್‌ವೋಲ್ಡ್ ಹಳ್ಳಿಗಳು ಬಡವಾದವು. ಇವತ್ತು ಪ್ರವಾಸಿಗರು ಹೊಗಳುವ ಹಳೆಗಾಲದ ಚೆಲುವು ಅಂದರೆ ಹೆಚ್ಚಿನ ಪಾಲು ಆ ಬಡತನ ಬಿಟ್ಟುಹೋದದ್ದು.

ವೇಲ್ಸ್‌ನ ಕಾನ್ವಿ ಪಟ್ಟಣದ ಪ್ಲಾಸ್ ಮಾರ್ ಕೂಡ ಇದೇ ಜಾತಿಯದು. ರಾಬರ್ಟ್ ವಿನ್ ಎಂಬ ಸಿರಿವಂತ 1576ರಿಂದ 1585ರ ನಡುವೆ ಕಟ್ಟಿಸಿದ ಕಲ್ಲಿನ ಮಹಲು. ಕಾಲ ಕಳೆದಂತೆ ಶಾಲೆಯಾಯಿತು, ಅಗ್ಗದ ಬಾಡಿಗೆ ಕೋಣೆಗಳಾಯಿತು. ಬಾಡಿಗೆಯವರು ಅದರ ಅಲಂಕಾರದ ಗಚ್ಚಿನ ಚಾವಣಿಗಳನ್ನು ಮುಟ್ಟಲಿಲ್ಲ. ಸಿರಿವಂತರೇ ಉಳಿದಿದ್ದರೆ ಪ್ರತಿ ತಲೆಮಾರಿಗೂ ಹೊಸ ಫ್ಯಾಷನ್ ಬಂದು ಕಿತ್ತು ಹಾಕುತ್ತಿದ್ದರು. ನಮ್ಮ ಬೆಂಗಳೂರು ಪೇಟೆ, ಮೈಸೂರಿನ ಅಗ್ರಹಾರಗಳಲ್ಲಿ ಉಳಿದಿರುವ ಹಳೆ ತೊಟ್ಟಿಮನೆಗಳಲ್ಲೂ ವಠಾರವಾಗಿ ಬಾಳಿದವು ಎಷ್ಟಿವೆ ಎಂದು ನೀವೇ ನೋಡಿ.

1920ರ ದಶಕದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇಂಥ ಹಳೆ ಮನೆಗಳು ಕೊಳೆಗೇರಿ ಎಂದು ಕೆಡವುವ ಪಟ್ಟಿ ಸೇರುತ್ತಿದ್ದವು. ಅದೂ ಸುಳ್ಳಲ್ಲ, ನಲ್ಲಿ ಇಲ್ಲ, ತೇವ, ತಗ್ಗು ಚಾವಣಿ. ಆಗ ರಾಯಲ್ ಸೊಸೈಟಿ ಆಫ್ ಆರ್ಟ್ಸ್ ಹಳ್ಳಿಮನೆಗಳನ್ನು ಉಳಿಸಲು ನಿಧಿ ಕೂಡಿಸಿತು. 1929ರಲ್ಲಿ ಆರ್ಲಿಂಗ್ಟನ್ ರೋ ಸುರಕ್ಷಿತವಾಯಿತು. 1949ರಲ್ಲಿ ಹಳೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಗೆ ಬಂತು. ಕಾರಿನ ಹೆನ್ರಿ ಫೋರ್ಡ್ ಈ ಇಡೀ ಸಾಲನ್ನೇ ಅಮೆರಿಕಕ್ಕೆ ಸಾಗಿಸಲು ನೋಡಿದ್ದ ಎಂದು ಊರಲ್ಲಿ ಕತೆ ಇದೆ. ಕತೆ ಹೇಗಾದರೂ ಇರಲಿ, ಅವನು ಹತ್ತಿರದ ಚೆಡ್ವರ್ತ್ ಹಳ್ಳಿಯ 17ನೇ ಶತಮಾನದ ಒಂದು ಮನೆ ಕೊಂಡು, ಕಲ್ಲಿಗೆ ನಂಬರು ಹಾಕಿ ಬಿಚ್ಚಿಸಿ, 1930ರ ಸುಮಾರಿಗೆ ಮಿಶಿಗನ್‌ನ ಡಿಯರ್‌ಬಾರ್ನ್‌ನಲ್ಲಿ ಮರಳಿ ಕಟ್ಟಿಸಿದ್ದಂತೂ ನಿಜ. ಮನೆ ಅಲ್ಲಿ ಇನ್ನೂ ಇದೆ. ಒಲೆಯೂ ಇದೆ. ಸಂಸಾರ ಮಾಡುವವರು ಇಲ್ಲ.

ಬೈಬರಿಯನ್ನು ಇಂಗ್ಲೆಂಡಿನ ಅತಿ ಚೆಲುವಿನ ಹಳ್ಳಿ ಎಂದು ಕರೆದವನು 19ನೇ ಶತಮಾನದ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್. ಆ ಮಾತು ಎಲ್ಲ ಫಲಕಗಳಲ್ಲೂ ಇದೆ. ಅವನ ಇನ್ನೊಂದು ಕೆಲಸ ಫಲಕಗಳಲ್ಲಿ ಇರುವುದಿಲ್ಲ. ಇದೇ ಗ್ಲಾಸ್ಟರ್‌ಶೈರ್‌ನ ಟ್ಯೂಕ್ಸ್‌ಬರಿ ಮಠದ ಚರ್ಚನ್ನು "ಜೀರ್ಣೋದ್ಧಾರ" ಮಾಡಲು ಹೊರಟಾಗ ಸಿಟ್ಟಿಗೆದ್ದು ಪತ್ರಿಕೆಗೆ ಕಾಗದ ಬರೆದ. ಅದೇ ವರ್ಷ, 1877ರಲ್ಲಿ, ಹಳೆಯ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದ. ಅದು ಈಗಲೂ ಕೆಲಸ ಮಾಡುತ್ತಿದೆ. ಅವರ ತತ್ವ ಸರಳ. ಕಟ್ಟಡವನ್ನು ರಿಪೇರಿ ಮಾಡಿ, ಯಾವುದೋ ಒಂದು ಕಾಲಕ್ಕೆ ವಾಪಸ್ ಕೊಂಡೊಯ್ಯಬೇಡಿ. ಆರ್ಲಿಂಗ್ಟನ್ ರೋಗೆ ಇದನ್ನು ಹಚ್ಚಿ ನೋಡಿ. "ಮೂಲ" ಬೇಕು ಎಂದು ಹಟ ಹಿಡಿದರೆ ಚಿಮಣಿ, ಡಾರ್ಮರ್ ಕಿಟಕಿ, ನಡುಗೋಡೆ ಎಲ್ಲ ಕಿತ್ತು 1380ರ ಗೋದಾಮು ತೋರಿಸಬೇಕು. ಆಗ ಯಾರೂ ಫೋಟೊ ತೆಗೆಯುವುದಿಲ್ಲ, ಅದು ಬೇರೆ ಮಾತು. ಕಟ್ಟಿದ್ದಷ್ಟೇ ವಾಸ್ತುಶಿಲ್ಪ, ಒಡೆದದ್ದು ಹಾಳು ಎಂಬ ಲೆಕ್ಕವೇ ತಪ್ಪು. ಇಲ್ಲಿ ಜಾಣ ಕೆಲಸ ನಡೆದದ್ದು ಒಡೆಯುವಾಗ.

ಈ ಮನೆಗಳಲ್ಲಿ ಈಗಲೂ ಜನ ಇದ್ದಾರೆ. ಅದು ಕೆಲವು ಪ್ರವಾಸಿಗರಿಗೆ ನೆನಪಿರುವುದಿಲ್ಲ. ಹತ್ತಿರದ ನಿವಾಸಿಯೊಬ್ಬರು ನಿಲ್ಲಿಸುತ್ತಿದ್ದ ಹಳದಿ ಕಾರು ಫೋಟೊ ಕೆಡಿಸುತ್ತದೆ ಎಂದು ಗೊಣಗಾಟ ಶುರುವಾಗಿ, 2017ರಲ್ಲಿ ಯಾರೋ ಆ ಕಾರನ್ನೇ ಜಖಂ ಮಾಡಿದರು. ಸುದ್ದಿ ತಿಳಿದು ಎಲ್ಲೆಲ್ಲಿಂದಲೋ ಜನ ತಮ್ಮ ತಮ್ಮ ಹಳದಿ ಕಾರು ತಂದು ಬೈಬರಿಯಲ್ಲಿ ಸಾಲಾಗಿ ಮೆರವಣಿಗೆ ಹೋದರು. ಆ ದಿನದ ಫೋಟೊ ಇದು. ನನ್ನ ಪ್ರಕಾರ ಬೈಬರಿಯ ಒಳ್ಳೆಯ ಫೋಟೊ ಇದೇ.

ಕೊನೆಯಲ್ಲಿ ಸಭೆಯಿಂದ ಒಬ್ಬರು ಕೇಳಿದ ಪ್ರಶ್ನೆಯನ್ನೂ ಸೇರಿಸುತ್ತೇನೆ, ಯಾಕೆಂದರೆ ಬಹಳ ಜನ ಅದನ್ನೇ ಕೇಳುತ್ತಾರೆ. "ಹಳೆ ಕಲ್ಲಿನ ಮನೆ ಕೊಂಡಿದ್ದೇವೆ. ಗಿಲಾವು ಕಿತ್ತು ಕಲ್ಲು ಕಾಣುವ ಹಾಗೆ ಮಾಡಿ, ಸಂದಿಗೆ ಸಿಮೆಂಟ್ ಪಾಯಿಂಟಿಂಗ್ ಮಾಡಿಸಬಹುದಾ? ನಡುವಿನ ಗೋಡೆ ತೆಗೆದು ಹಾಲ್ ದೊಡ್ಡದು ಮಾಡಬಹುದಾ?"

ಸಿಮೆಂಟ್ ಬೇಡ. ಸುಣ್ಣದ ಗಾರೆ ಕಲ್ಲಿಗಿಂತ ಮೆದು, ಗೋಡೆಯೊಳಗಿನ ತೇವ ಅದರ ಮೂಲಕ ಹೊರಗೆ ಹೋಗುತ್ತದೆ. ಸವೆದರೆ ಗಾರೆ ಸವೆಯುತ್ತದೆ, ಮತ್ತೆ ತುಂಬಬಹುದು. ಸಿಮೆಂಟ್ ಸಂದಿಯನ್ನು ಬಿಗಿದರೆ ತೇವ ಕಲ್ಲಿನಿಂದಲೇ ಹೊರಗೆ ಬರಬೇಕು, ಆಗ ಕಲ್ಲಿನ ಮುಖ ಉದುರುತ್ತದೆ. ಇಂಗ್ಲೆಂಡಿನಲ್ಲಿ ಕಳೆದ ಶತಮಾನದಲ್ಲಿ ಈ ತಪ್ಪನ್ನು ಊರೂರಲ್ಲಿ ಮಾಡಿದರು, ಈಗ ದುಡ್ಡು ಕೊಟ್ಟು ಸಿಮೆಂಟ್ ಕೆರೆಸುತ್ತಿದ್ದಾರೆ. ಗಿಲಾವು ಇದ್ದ ಗೋಡೆಗೆ ಗಿಲಾವೇ ಇರಲಿ. ಕಾಡುಗಲ್ಲಿನ ಗೋಡೆಯನ್ನು ಎಷ್ಟೋ ಕಡೆ ತೋರಿಸಲೆಂದು ಕಟ್ಟಿರುವುದಿಲ್ಲ.

ಇನ್ನು ಗೋಡೆ. ಅದು ಆಮೇಲೆ ಬಂದ ತೆಳು ಅಡ್ಡಗೋಡೆ ಆಗಿದ್ದರೆ, ಎಂಜಿನಿಯರನ್ನು ಕೇಳಿ ತೆಗೆಯಿರಿ. ಆದರೆ ಒಲೆ ಇದ್ದ ಗೋಡೆಯ ತಂಟೆಗೆ ಹೋಗುವ ಮುಂಚೆ ಮಾಡು ಹತ್ತಿ ನೋಡಿ. ಇಂಗ್ಲೆಂಡಿನಲ್ಲಿ ಕೆಳಗಿನ ಒಲೆಯ ಗೂಡನ್ನು ಜಾಗಕ್ಕಾಗಿ ಒಡೆದು, ಮೇಲಿನ ಚಿಮಣಿಯನ್ನು ಹಾಗೇ ಬಿಟ್ಟ ಮನೆಗಳಿವೆ. ಕೆಳಗೆ ಸೋಫಾ ಹಾಕಿಕೊಂಡು ಟಿವಿ ನೋಡುವವರ ತಲೆ ಮೇಲೆ ಟನ್‌ಗಟ್ಟಲೆ ಕಲ್ಲು, ಅದಕ್ಕೆ ಆಸರೆ ಅಟ್ಟದ ಎರಡು ಮರದ ತುಂಡು. ತೆಗೆಯುವುದಾದರೆ ಮೇಲಿನಿಂದ ಕೆಳಗೆ ತೆಗೆಯಿರಿ, ಇಲ್ಲವೇ ಮೊದಲು ಉಕ್ಕಿನ ತೊಲೆ ಕೊಡಿಸಿ, ಆಮೇಲೆ ಸುತ್ತಿಗೆ ಎತ್ತಿ.